ಮೇಲಿನ ಗಾಂಧಾರ

ಕುಮಟೆಯ ನಮ್ಮ ಹಾರ್ಮೋನಿಯಂ ಮಾಸ್ತರರ ಹತ್ತಿರ ಒಂದು ಕಟ್ಟಳೆಯಿತ್ತು. ಯಾವ ಶಿಷ್ಯನೇ ಆಗಲಿ, ನಾಲ್ಕು ಜನರ ಎದುರು ಕೂತು ನುಡಿಸುವ ಮೊದಲು ಆ ಪಾಠವನ್ನು ಮೂರು ಬೇರೆ ಬೇರೆ ಶ್ರುತಿಯಲ್ಲಿ ಅವರಿಗೆ ಒಪ್ಪಿಸಬೇಕು. ಎದುರಿಗೆ ಪುಸ್ತಕ ಇರಬಾರದು. ಒಂದೇ ಶ್ರುತಿಯಲ್ಲಿ ಬಂದರೆ ಪಾಠ ಬೆರಳಿಗೆ ಬಂದಿದೆ, ಮೂರರಲ್ಲಿ ಬಂದರೆ ತಲೆಗೆ ಬಂದಿದೆ ಎಂಬುದು ಅವರ ಲೆಕ್ಕ. ಬೆರಳಿಗೆ ಬಂದದ್ದು ಹೆದರಿಕೆಯಾದ ಕೂಡಲೇ ಓಡಿಹೋಗುತ್ತದೆ ಎನ್ನುತ್ತಿದ್ದರು.

ಕಳೆದ ವರ್ಷ ನಾನು ಆ ಪರೀಕ್ಷೆಯಲ್ಲಿ ಮೋಸ ಮಾಡಿ ಪಾಸಾದೆ. ಎಪ್ಪತ್ತರ ಹತ್ತಿರ ಬಂದ ಮುದುಕ ಮಾಡುವ ಕೆಲಸವಲ್ಲ ಅದು. ಆ ಮೋಸದಿಂದ ಇನ್ನೊಂದು ಹುಟ್ಟಿತು, ಅದರಿಂದ ಮತ್ತೊಂದು. ಹೇಳಬೇಕಾದವರಿಗೆ ಹೇಳಿ ಆಗಿದೆ. ಆದರೂ ಬರೆದಿಡಬೇಕು ಅನ್ನಿಸಿತು.

ನಾನು ಭಟ್ಕಳ ಪೇಟೆಯಲ್ಲಿ ಟೇಲರ್ ಆಗಿದ್ದವನು. ಮನೆ ಪಕ್ಕದ ಬೆಳಕೆ ಎಂಬ ಊರಿನಲ್ಲಿ. ಹೈಸ್ಕೂಲು ಮುಗಿಸಿದ ವರ್ಷವೇ ಹೊಲಿಗೆ ಮಿಷನ್ ಎದುರು ಕೂತೆ, ಸೂಜಿಗೆ ದಾರ ಪೋಣಿಸಲು ಕಣ್ಣು ಸೋತಾಗ ಎದ್ದೆ. ಹೊಲಿಗೆಯಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಎಂದರೆ ಕೈಯನ್ನು ಅದರ ಪಾಡಿಗೆ ಬಿಡುವುದು. ಅಂಗಿಯ ಕಾಲರ್ ಕೂರಿಸುವಾಗ ಗಿರಾಕಿಯ ಹತ್ತಿರ ಮೀನಿನ ರೇಟು ಮಾತಾಡುತ್ತಿದ್ದೆ, ಕೈ ತನ್ನ ಕೆಲಸ ಮಾಡುತ್ತಿತ್ತು. ಯೋಚನೆ ಮಾಡಿದರೇ ಹೊಲಿಗೆ ಸೊಟ್ಟಗಾಗುತ್ತಿತ್ತು. ದೇವಸ್ಥಾನದ ಭಜನೆಗೆ ಹಾರ್ಮೋನಿಯಂ ಹಿಡಿದದ್ದೂ ಹಾಗೆಯೇ, ಕಿವಿಗೆ ಬಿದ್ದದ್ದನ್ನು ಬೆರಳಿಗೆ ದಾಟಿಸಿ. ಅಂಗಡಿ ಬಿಟ್ಟ ಮೇಲೆ, ಸರಿಯಾಗಿ ಕಲಿಯೋಣವೆಂದು ಆದಿತ್ಯವಾರ ಬಸ್ಸು ಹತ್ತಿ ಕುಮಟೆಗೆ ಹೋಗತೊಡಗಿದೆ.

ಮಾಸ್ತರರಿಗೆ ಆಗಲೇ ಕಣ್ಣು ಪೂರ್ತಿ ಹೋಗಿತ್ತು. ಕೈ ನಡುಗುತ್ತಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಅವರು ನುಡಿಸಿ ತೋರಿಸುತ್ತಿರಲಿಲ್ಲ, ಬಾಯಲ್ಲಿ ಸ್ವರ ಹೇಳಿ ಕಲಿಸುತ್ತಿದ್ದರು. ಅವರಿಗೆ ಎಂಬತ್ತು ತುಂಬುತ್ತದೆಂದು ಶಿಷ್ಯರೆಲ್ಲ ಸೇರಿ ಕುಮಟೆಯಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಹಾರ ಶಾಲು ಏನೂ ಬೇಡವೆಂದ ಮಾಸ್ತರರು ಒಂದೇ ಒಂದು ಆಸೆ ಹೇಳಿದರು. ಅವರ ಗುರುಗಳು ಅವರಿಗೆ ಕಲಿಸಿದ ಭೀಮಪಲಾಸ ರಾಗದ ಒಂದು ಗತ್ತು, ಅಂದರೆ ವಾದ್ಯಕ್ಕೆಂದೇ ಕಟ್ಟಿದ ರಚನೆ, ಇತ್ತು. ಅದನ್ನು ಅದೇ ಗುರುಗಳ ಹಳೆಯ ಕಾಲ್ಪೆಟ್ಟಿಗೆಯಲ್ಲಿ ಯಾರಾದರೂ ನುಡಿಸಬೇಕು, ತಾವು ಕೂತು ಕೇಳಬೇಕು. ಕಾಲ್ಪೆಟ್ಟಿಗೆ ಅಂದರೆ ನಾಟಕ ಕಂಪನಿಗಳಲ್ಲಿ ಇರುತ್ತಿದ್ದ, ಕಾಲಿನಿಂದ ತಿದಿ ಒತ್ತಿ ನುಡಿಸುವ ದೊಡ್ಡ ಹಾರ್ಮೋನಿಯಂ.

ಆ ಗತ್ತು ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬ ನಾನು. ಇನ್ನೊಬ್ಬರು ಹೊನ್ನಾವರದ ಒಬ್ಬ ಪ್ರಾಥಮಿಕ ಶಾಲೆಯ ಅಕ್ಕೋರು, ಅಂದರೆ ಶಿಕ್ಷಕಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನನ್ನು ಟೇಲರಣ್ಣ ಎನ್ನುತ್ತಿದ್ದರು. ಮಾಸ್ತರರು ಕೇಳಿದಾಗ ಅವರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು.

"ನಂಗೆ ಕಪ್ಪು ಒಂದ್ರಲ್ಲಿ ಮಾತ್ರ ಬತ್ತದೆ ಮಾಸ್ತರ್ರೇ. ಬೇರೆ ಶ್ರುತಿಯಲ್ಲಿ ಕೂತ್ರೆ ಬಾಲವಾಡಿ ಮಕ್ಕಳ ಹಾಗೆ ತಡಕಾಡ್ತೆ."

"ಟೇಲರ್ರೇ, ನಿಂದು?"

"ಒಂದು ವಾರ ಕೊಡಿ, ಒಪ್ಪಿಸ್ತೆ," ಎಂದೆ ನಾನು.

ಹಾರ್ಮೋನಿಯಂ ಮುಟ್ಟದವರಿಗೂ ತಿಳಿಯಲೆಂದು ಇಲ್ಲಿ ಒಂದು ಮಾತು ಹೇಳಬೇಕು. ಪೆಟ್ಟಿಗೆಯಲ್ಲಿ ಬೆರಳಿಡುವ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ. ಬಿಳಿ ಮನೆ, ಕಪ್ಪು ಮನೆ. 'ಸ' ಎಂಬ ಸ್ವರವನ್ನು ಯಾವ ಮನೆಯ ಮೇಲೆ ಬೇಕಾದರೂ ಇಟ್ಟು ಶುರುಮಾಡಬಹುದು. ಮೊದಲನೆಯ ಕಪ್ಪು ಮನೆಯ ಮೇಲಿಟ್ಟರೆ ಕಪ್ಪು ಒಂದು ಶ್ರುತಿ, ಮೂರನೆಯ ಬಿಳಿ ಮನೆಯ ಮೇಲಿಟ್ಟರೆ ಬಿಳಿ ಮೂರು. ರಾಗ ಒಂದೇ ಇರುತ್ತದೆ, ಬೆರಳು ನಡೆಯುವ ದಾರಿ ಬೇರೆಯಾಗುತ್ತದೆ. ಭೀಮಪಲಾಸವನ್ನು ಕಪ್ಪು ಒಂದರಲ್ಲಿ ನುಡಿಸಿದರೆ ಹೆಚ್ಚಿನದೆಲ್ಲ ಕಪ್ಪು ಮನೆಗಳೇ, ಗಾಂಧಾರ ನಿಷಾದ, ಅಂದರೆ 'ಗ', 'ನಿ' ಎರಡೇ ಬಿಳಿ. ಬಿಳಿ ಮೂರರಲ್ಲಿ ನುಡಿಸಿದರೆ ಹೆಚ್ಚಿನದೆಲ್ಲ ಬಿಳಿ. ಕಲಿತ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಅದೇ ಊರಿಗೆ ಹೋಗಬೇಕು, ಅದೂ ಓಡುತ್ತ.

ಆದರೆ ನನ್ನ ಪೆಟ್ಟಿಗೆ ಸ್ಕೇಲ್ ಚೇಂಜರ್ ಪೆಟ್ಟಿಗೆ. ಅದರಲ್ಲಿ ಒಂದು ಹಿಡಿ ಎಳೆದರೆ ಮನೆಗಳ ಸಾಲು ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಬೆರಳು ಹಳೆಯ ದಾರಿಯಲ್ಲೇ ನಡೆಯುತ್ತದೆ, ಕೇಳುವವರಿಗೆ ಶ್ರುತಿ ಬದಲಾಗಿರುತ್ತದೆ. ಹಾಡುವವರಿಗೆ ಸಾಥ್ ಕೊಡಲು ಬಹಳ ಅನುಕೂಲ.

ಆ ವಾರ ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದಲ್ಲ. ಬಿಳಿ ಮೂರರಲ್ಲಿ ಕೂತೆ. ಮೊದಲ ಸಾಲಿನಲ್ಲೇ ಬೆರಳು ಅಭ್ಯಾಸದ ಕಪ್ಪು ಮನೆ ಹುಡುಕಿಕೊಂಡು ಹೋಯಿತು. ಕಪ್ಪು ಒಂದರಲ್ಲಿ ನೀರು ಹರಿದ ಹಾಗೆ ಬರುತ್ತಿದ್ದ ಗತ್ತು ಇಲ್ಲಿ ಮೂರು ಸ್ವರಕ್ಕೊಮ್ಮೆ ನಿಂತಿತು. ಮುಂದಿನ ಸ್ವರ ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಗೊತ್ತಿರಲಿಲ್ಲ. ಇಷ್ಟು ತಿಂಗಳು ನುಡಿಸಿದ ಗತ್ತಿನ ಸ್ವರಗಳು ನನಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಪೆಟ್ಟಿಗೆ ಮುಚ್ಚಿ ಹೊರಗೆ ಬಂದು ಕೂತೆ.

ಮರುದಿನ ಮಾಸ್ತರರೇ ಫೋನ್ ಮಾಡಿದರು.

"ಎಂತ ಟೇಲರ್ರೇ, ಆತಾ?"

"ಆತು ಮಾಸ್ತರ್ರೇ. ಆದಿತ್ಯವಾರ ಬಂದು..."

"ಆದಿತ್ಯವಾರ ಎಂತಕ್ಕೆ? ಈಗ್ಲೇ ಒಪ್ಸು. ಫೋನು ಪೆಟ್ಗೆ ಹತ್ರ ಇಡು."

ಕಪ್ಪು ಒಂದರಲ್ಲಿ ನುಡಿಸಿದೆ. ಚೆನ್ನಾಗಿಯೇ ಬಂತು. "ಈಗ ಬಿಳಿ ಒಂದು," ಎಂದರು. ನನ್ನ ಎಡಗೈ ಹಿಡಿಯ ಮೇಲೆ ಹೋಯಿತು. ಹಿಡಿ ಎಳೆದರೆ ಟಕ್ ಎಂದು ಸದ್ದಾಗುತ್ತದೆ. ಆ ಸದ್ದು ಅವರ ಕಿವಿಗೆ ಬೀಳಬಾರದೆಂದು ಜೋರಾಗಿ ಕೆಮ್ಮಿದೆ. ನುಡಿಸಿದೆ. "ಭೇಷ್. ಬಿಳಿ ಮೂರು." ಮತ್ತೆ ಕೆಮ್ಮಿದೆ, ಮತ್ತೆ ಎಳೆದೆ, ಮತ್ತೆ ನುಡಿಸಿದೆ.

ಮುಗಿಸಿ ಫೋನು ಕಿವಿಗೆ ಹಿಡಿದೆ. ಸಿಕ್ಕಿಬಿದ್ದೆ ಅಂದುಕೊಂಡೆ.

"ನಾನೇ ಕೂತು ನುಡ್ಸಿದ ಹಾಗಾತು ಮಾರಾಯ," ಎಂದರು. "ನೀನೇ ಕೂತ್ಕ. ಮತ್ತೆ, ಆ ಕೆಮ್ಮಿಗೆ ಎಂತಾದ್ರೂ ಮಾಡು. ಸೊಸೆ ಹತ್ರ ಕಷಾಯದ ಪುಡಿ ಮಾಡ್ಸಿಡ್ತೆ."

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಕೆಮ್ಮು ಯಾವಾಗ ಶುರುವಾತು ನಿಮ್ಗೆ?" ಎಂದು ಕೇಳಿದಳು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.

ಆಗ ನನಗೆ ಅಷ್ಟೊಂದು ಭಯವಿರಲಿಲ್ಲ. ಕಾರ್ಯಕ್ರಮದ ದಿನ ಕಪ್ಪು ಒಂದರಲ್ಲೇ ನುಡಿಸುವುದು, ಅದು ಬರುತ್ತದೆ, ಯಾರಿಗೇನು ನಷ್ಟ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಯಿತು. ಭಟ್ಕಳದ ನನ್ನ ಹಳೆಯ ಅಂಗಡಿಯ ಅಕ್ಕಪಕ್ಕದವರಿಗೆಲ್ಲ ನಾನೇ ಹೋಗಿ ಕೊಟ್ಟು ಬಂದೆ.

ಆಮೇಲಿನ ಆದಿತ್ಯವಾರ ಕಾಲ್ಪೆಟ್ಟಿಗೆ ನೋಡಲು ಮಾಸ್ತರರ ಮನೆಗೆ ಹೋದೆ. ಅಕ್ಕೋರು ಮೊದಲೇ ಬಂದು ಅದನ್ನು ಒರೆಸುತ್ತಿದ್ದರು. ಒಂದೊಂದೇ ಮನೆ ಒತ್ತಿ, ಧೂಳು ತೆಗೆದು, ಮತ್ತೆ ಒತ್ತಿ ಕೇಳುತ್ತಿದ್ದರು. ಮಾಸ್ತರರ ಸೊಸೆ ಒಳಗಿನಿಂದ ಪುಡಿಯ ಪೊಟ್ಟಣ ತಂದು ನನ್ನ ಕೈಗಿಟ್ಟರು. "ದಿನಾ ಎರಡ್ಸಲ ಕುಡೀರಿ," ಎಂದರು. ಆ ಪೊಟ್ಟಣವನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ.

"ಎಲ್ಲಾ ಸರಿ ಇದೆ ಮಾಸ್ತರ್ರೇ," ಎಂದರು ಅಕ್ಕೋರು. "ನಡುವಿನ ಕಪ್ಪು ನಾಲ್ಕು ಮಾತ್ರ ಕೂಗೂದಿಲ್ಲ. ರೀಡು ಹೋಗಿದೆ ಕಾಣ್ತದೆ."

ನಾನು ಲೆಕ್ಕ ಹಾಕಿದೆ. ಕಪ್ಪು ಒಂದರಲ್ಲಿ ನುಡಿಸುವವನಿಗೆ ಕಪ್ಪು ನಾಲ್ಕು ಎಂದರೆ ಪಂಚಮ. ಪಂಚಮ ಇಲ್ಲದೆ ಭೀಮಪಲಾಸ ನಡೆಯುವುದಿಲ್ಲ.

"ರಿಪೇರಿ ಮಾಡ್ಸುವಾ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ರಿಪೇರಿಯವ ಘಟ್ಟದ ಮೇಲಿಂದ ಬರ್ಬೇಕು. ಅಂವ ಬಪ್ಪುದು ಕಾರ್ಯಕ್ರಮ ಎಲ್ಲ ಮುಗ್ದ ಮೇಲೆ," ಎಂದು ಮಾಸ್ತರರು ನಕ್ಕರು. "ನಿಂಗೆಂತ ಹೆದ್ರಿಕೆ? ಬಿಳಿ ಮೂರಕ್ಕೆ ಕೂತ್ಕ. ಅದ್ರಲ್ಲಿ ಭೀಮಪಲಾಸಕ್ಕೆ ಆ ಮನೆ ಬೇಕಾಗೂದೇ ಇಲ್ಲ. ಅದಕ್ಕೇ ನಾನು ಮೂರು ಶ್ರುತಿ ಒಪ್ಸಿ ಅಂಬುದು. ಅಕ್ಕೋರೇ, ಈಗ ತಿಳೀತಾ?"

"ತಿಳೀತು ಮಾಸ್ತರ್ರೇ," ಎಂದರು ಅಕ್ಕೋರು ತಲೆ ತಗ್ಗಿಸಿ. ನನ್ನ ಎದುರಿಗೆ, ನನ್ನಿಂದಾಗಿ ಅವರು ತಲೆ ತಗ್ಗಿಸಿದರು.

"ಒಂದ್ಸಲ ನುಡ್ಸಿ ನೋಡು ಟೇಲರ್ರೇ."

"ಇವತ್ತು ಮೊಣಕಾಲು ಹಿಡ್ಕಂಡಿದೆ ಮಾಸ್ತರ್ರೇ. ತಿದಿ ಒತ್ತೂಕೆ ಆಗೂದಿಲ್ಲ."

ಜೀವಮಾನವಿಡೀ ಹೊಲಿಗೆ ಮಿಷನ್ ತುಳಿದ ಕಾಲು. ಅದಕ್ಕೆ ಯಾವ ನೋವೂ ಇರಲಿಲ್ಲ. ಬಾಯಿಬಿಟ್ಟು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಕ್ಕೋರು ಎದುರಿಗಿದ್ದರು, ಅದಕ್ಕೇ ಹೇಳಲಿಲ್ಲ.

ಆವತ್ತಿನಿಂದ ಕಾರ್ಯಕ್ರಮದವರೆಗೆ ನಾನು ಸರಿಯಾಗಿ ಉಂಡದ್ದು ನೆನಪಿಲ್ಲ. ಎದ್ದ ಕೂಡಲೇ ಬಿಳಿ ಮೂರು. ಮೊದಮೊದಲು ಸಾಲಿಗೆ ಸಾಲು ಕುಂಟಿತು. ಒಂದು ವಿಷಯ ಕಂಡುಕೊಂಡೆ: ಬಾಯಲ್ಲಿ ಸ್ವರ ಹೇಳುತ್ತ ನುಡಿಸಿದರೆ ಬೆರಳು ದಾರಿ ತಪ್ಪುವುದು ಕಡಿಮೆ. ಅದಕ್ಕೆ ಪೆಟ್ಟಿಗೆ ಬಿಟ್ಟು ಬಾಯಲ್ಲೇ ಅಭ್ಯಾಸ ಶುರುಮಾಡಿದೆ. ಬೆಳಕೆಯ ಸಮುದ್ರದಂಡೆಯ ಮೇಲೆ ನಡೆಯುತ್ತ ಸ್ವರ ಹೇಳಿಕೊಳ್ಳುತ್ತಿದ್ದೆ. ಬಲೆ ರಿಪೇರಿ ಮಾಡುತ್ತಿದ್ದವರು ಕರೆದು ಕೇಳಿದರು, "ಎಂತ ಟೇಲರಣ್ಣ, ಮೀನು ಬೀಳೂಕೆ ಮಂತ್ರವಾ? ಸ್ವಲ್ಪ ಜೋರಾಗಿ ಹೇಳಿ, ನಮ್ಮ ಬಲೆಗೂ ಬೀಳ್ಲಿ." ಮನೆಯಲ್ಲಿ ಹೆಂಡತಿ, "ಉಂಬುವಾಗಾದ್ರೂ ಆ ಬೆರಳು ಸುಮ್ನಿರ್ಲಿ. ಅನ್ನ ಎಲ್ಲಾ ಬಟ್ಲ ಹೊರಗೆ ಬಿತ್ತು," ಎಂದು ಬೈಯುತ್ತಿದ್ದಳು. ಎರಡನೆಯ ವಾರಕ್ಕೆ ಗತ್ತು ನಿಧಾನವಾಗಿ ಒಂದು ಹದಕ್ಕೆ ಬಂತು. ಒಂದು ಜಾಗ ಬಿಟ್ಟು.

ಆ ಜಾಗ ಗತ್ತಿನ ಎರಡನೆಯ ಭಾಗದಲ್ಲಿತ್ತು. ಅಲ್ಲಿ ಒಂದೇ ರೀತಿ ಶುರುವಾಗುವ ಎರಡು ಸಾಲುಗಳಿವೆ. ಮೊದಲನೆಯದು ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ ಹೋಗಿ, ಅಲ್ಲಿಂದಲೇ ತಿರುಗಿ ಕೆಳಗಿಳಿಯುತ್ತದೆ. ಎರಡನೆಯದು ಅದೇ ಷಡ್ಜದವರೆಗೆ ಹೋಗಿ, ತಿರುಗದೆ ಇನ್ನೂ ಮೇಲಕ್ಕೆ, ಗಾಂಧಾರಕ್ಕೆ ಏರಿ ನಿಲ್ಲುತ್ತದೆ. ಇಡೀ ಗತ್ತಿನಲ್ಲಿ ಮೇಲಿನ ಗಾಂಧಾರ ಬರುವುದು ಆ ಒಂದೇ ಸಲ. ಮಾಸ್ತರರು ಬಾಯಲ್ಲಿ ಹೇಳಿಕೊಡುವಾಗ ಅಲ್ಲಿ ಕಣ್ಣು ಮುಚ್ಚುತ್ತಿದ್ದರು. ಅವರ ಗುರುಗಳು ಅಲ್ಲಿ ನಿಂತಷ್ಟು ಹೊತ್ತು ಹೊರಗೆ ಹೋಗುವವರೂ ನಿಲ್ಲುತ್ತಿದ್ದರಂತೆ.

ಕಪ್ಪು ಒಂದರಲ್ಲಿ ನನಗೆ ಅಲ್ಲಿ ಗೊಂದಲವಾಗಿರಲಿಲ್ಲ. ಷಡ್ಜ ಕಪ್ಪು, ಗಾಂಧಾರ ಬಿಳಿ, ಬೆರಳು ಕಪ್ಪಿನಿಂದ ಬಿಳಿಗೆ ಇಳಿಯುವಾಗ ಮೆಟ್ಟಿಲು ಸಿಕ್ಕ ಹಾಗೆ ಗುರುತು ಸಿಗುತ್ತಿತ್ತು. ಬಿಳಿ ಮೂರರಲ್ಲಿ ಎರಡೂ ಬಿಳಿ. ಮೆಟ್ಟಿಲಿಲ್ಲ. ಷಡ್ಜದ ಮೇಲೆ ನಿಂತಾಗ ಇದು ಮೊದಲನೆಯ ಸಾಲೋ ಎರಡನೆಯದೋ ಎಂದು ಕೈಗೆ ತಿಳಿಯುತ್ತಿರಲಿಲ್ಲ, ನಾನೇ ನೆನಪಿಡಬೇಕಿತ್ತು. ಕೆಲವು ಸಲ ನೆನಪಿರುತ್ತಿತ್ತು, ಕೆಲವು ಸಲ ತಪ್ಪುತ್ತಿತ್ತು. ಯಾವಾಗ ತಪ್ಪುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಆ ಲೆಕ್ಕವಿಲ್ಲದಿರುವುದೇ ನನ್ನನ್ನು ತಿಂದುಹಾಕಿತು. ಪೂರ್ತಿ ಬರುವುದಿಲ್ಲ ಎಂದಿದ್ದರೆ ಮಾಸ್ತರರಿಗೆ ಹೇಳಿ ಕೈಮುಗಿಯುತ್ತಿದ್ದೆನೋ ಏನೋ.

ಕಾರ್ಯಕ್ರಮದ ದಿನ ಹೆಂಡತಿಯೊಂದಿಗೆ ಭಟ್ಕಳದಲ್ಲಿ ಬಸ್ಸು ಹತ್ತಿದೆ. ತೊಡೆಯ ಮೇಲಿದ್ದ ಕೈಚೀಲದ ಮೇಲೆ ಬೆರಳು ಓಡುತ್ತಿತ್ತು. ಮುರ್ಡೇಶ್ವರ ದಾಟುವಾಗ ಪಕ್ಕದ ಸೀಟಿನ ಮುದುಕಿ ನನ್ನ ಹೆಂಡತಿಯನ್ನು ಕೇಳಿದಳು, "ಅವ್ರಿಗೆ ಕೈ ನಡುಗೂ ಕಾಯ್ಲೆಯಾ ತಂಗಿ?"

"ಕಾಯ್ಲೆಯೇ ಸೈ," ಎಂದಳು ಇವಳು. "ಮದ್ದು ಇಲ್ದೇ ಇದ್ದದ್ದು."

ಬೇರೆ ದಿನವಾದರೆ ನಗುತ್ತಿದ್ದೆ. ಶರಾವತಿ ಸೇತುವೆ ಬಂದಾಗ ಗತ್ತಿನ ಮೊದಲ ಸ್ವರ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಸೇತುವೆ ಮುಗಿಯುವವರೆಗೂ ಬರಲಿಲ್ಲ. ಹೊನ್ನಾವರದ ಸ್ಟಾಂಡಿನಲ್ಲಿ ಶೇಂಗಾ ಮಾರುವವನೊಬ್ಬ ಕಿಟಕಿಯಲ್ಲಿ ಕೂಗಿದಾಗ, ಯಾಕೋ ಏನೋ, ತಾನಾಗಿ ಬಂತು. ಆಮೇಲೆ ಕುಮಟೆಯವರೆಗೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತೆ, ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂಬಂತೆ.

ಸಭಾಂಗಣದಲ್ಲಿ ಮಾಸ್ತರರನ್ನು ಮುಂದಿನ ಸಾಲಿನಲ್ಲಿ, ಕಾಲ್ಪೆಟ್ಟಿಗೆಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಕೂರಿಸಿದ್ದರು. ಹೊಸ ಪಂಚೆ, ಬಿಳಿ ಅಂಗಿ. ಅಂಗಿ ನಾನೇ ಹೊಲಿದದ್ದು, ಪಾಠಕ್ಕೆ ಸೇರಿದ ಹೊಸತರಲ್ಲಿ, ಹೆಂಡತಿಯಿಂದ ದಾರ ಪೋಣಿಸಿಕೊಂಡು. ಅವರು ನನ್ನ ಮೊಣಕಾಲು ಮುಟ್ಟಿ ಕೇಳಿದರು, "ಕಾಲು ಹೇಗಿದೆ?" "ಅಡ್ಡಿಲ್ಲ," ಎಂದೆ.

ತಬಲಾದವರು ತಲೆಯಾಡಿಸಿದರು. ಶುರುಮಾಡಿದೆ. ಮೊದಲ ಭಾಗ ಸರಿಯಾಗಿ ಹೋಯಿತು. ಕಾಲಿಗೆ ತಿದಿ ಒಗ್ಗಿತು. ಆ ಹಳೆಯ ಪೆಟ್ಟಿಗೆಯ ದನಿ ನನ್ನದಕ್ಕಿಂತ ಎಷ್ಟೋ ತುಂಬಿದ ದನಿ. ಒಂದು ಗಳಿಗೆ, ಒಂದೇ ಗಳಿಗೆ, ನನಗೆ ಸಂತೋಷವೂ ಆಯಿತು. ಎರಡನೆಯ ಭಾಗ ಬಂತು. ಮೊದಲ ಸಾಲು, ಷಡ್ಜ, ತಿರುಗಿದೆ, ಇಳಿದೆ. ಮತ್ತೆ ಅದೇ ಶುರು. ಆಗ ಮಾಸ್ತರರ ಮುಖ ನೋಡಿಬಿಟ್ಟೆ. ಗಾಂಧಾರ ಬರುತ್ತದೆಂದು ಅವರು ಆಗಲೇ ಕಣ್ಣು ಮುಚ್ಚಿದ್ದರು. ನಾನು ಷಡ್ಜದ ಮೇಲಿದ್ದೆ. ಇದು ಎಷ್ಟನೆಯ ಸಲ? ತಲೆಯೊಳಗೆ ಬೆಳ್ಳಗೆ ಖಾಲಿ. ಕೈ ತನಗೆ ಗೊತ್ತಿದ್ದ ಹತ್ತಿರದ ದಾರಿ ಹಿಡಿಯಿತು. ತಿರುಗಿತು, ಇಳಿಯಿತು. ಅಲ್ಲಿಂದ ಮುಂದೆ ಕೊನೆಯ ತಿಹಾಯಿ, ಮುಕ್ತಾಯದ ತುಣುಕು. ಅದನ್ನು ಮೂರು ಸಲ ನುಡಿಸಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಲ್ಲಿಸಿದೆ.

ಚಪ್ಪಾಳೆ ಬಿತ್ತು. ಗತ್ತು ತಾಳಕ್ಕೆ ಸರಿಯಾಗಿಯೇ ಮುಗಿದಿತ್ತು. ಗಾಂಧಾರದ ಸಾಲು ಅಲ್ಲಿ ಇರಬೇಕಿತ್ತು ಎಂಬುದು ಆ ಸಭೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು.

ಮಾಸ್ತರರು ಚಪ್ಪಾಳೆ ನಿಲ್ಲುವವರೆಗೆ ಕಾದರು. ನಾನು ಕೆಳಗಿಳಿದು ಕಾಲು ಮುಟ್ಟಿದಾಗ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಮೇಲಿನ ಗಾಂಧಾರ ಎಲ್ಲಿ ಹೋತು ಮಾರಾಯ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಕಳೆದುಕೊಂಡು ಹುಡುಕುವ ಮಗುವಿನ ಹಾಗೆ ಕೇಳಿದರು. ಸುತ್ತ ಜನ. ನನ್ನ ಬಾಯಿಗೆ ಬಂದದ್ದು ಇದು:

"ಒತ್ತಿದೆ ಮಾಸ್ತರ್ರೇ. ಕೂಗ್ಲಿಲ್ಲ. ಅದಕ್ಕೇ ತಿರುಗಿ ಇಳಿದೆ. ಆ ಮನೆಯೂ ಹೋಗಿದೆ ಕಾಣ್ತದೆ."

ಅವರು ನನ್ನ ಕೈ ಬಿಟ್ಟರು. "ಅದೂ ಹೋತಾ," ಎಂದರು. ಭಾಷಣ ನಡೆಯುವಾಗಲೂ, ಊಟಕ್ಕೆ ಕೂತಾಗಲೂ ಅವರು ಒಂದು ಸಲವೂ ಆ ಪೆಟ್ಟಿಗೆಯ ಕಡೆ ಮುಖ ತಿರುಗಿಸಲಿಲ್ಲ. ನಾನು ಪಾಯಸ ಬಿಟ್ಟು ಎದ್ದೆ.

ಕುಮಟೆ ಬಸ್ ಸ್ಟಾಂಡಿಗೆ ಬಂದರೆ ಅಕ್ಕೋರು ಹೊನ್ನಾವರದ ಬಸ್ಸಿಗೆ ಕಾಯುತ್ತಿದ್ದರು. ನನ್ನ ಹೆಂಡತಿ ಬಾಳೆಹಣ್ಣು ತರಲು ಆಚೆ ಹೋದದ್ದೇ ಅವರು ಹತ್ತಿರ ಬಂದರು.

"ಗಾಂಧಾರ ನುಂಗ್ಬಿಟ್ರಿ ಅಲ್ದಾ ಟೇಲರಣ್ಣ?"

"ಆ ಮನೆ..."

"ಆ ಪೆಟ್ಗೆಯ ಒಂದೊಂದು ಮನೆಯೂ ನಾನೇ ಒರ್ಸಿ, ಒತ್ತಿ ನೋಡಿದ್ದು. ಇವತ್ತು ಬೆಳಿಗ್ಗೆ ಮತ್ತೆ ಒಂದ್ಸಲ ನೋಡಿದ್ದೆ. ನನ್ನತ್ರ ಹೇಳ್ಬೇಡಿ ಅದ್ನ."

ನಾನು ನೆಲ ನೋಡಿದೆ.

"ಮರೆತ್ರೆ ಮರೆತ್ರಿ, ಯಾರಿಗಾದ್ರೂ ಮರೀತದೆ. ಅದಕ್ಕೆ ಬೇಜಾರಿಲ್ಲ," ಎಂದರು. "ಅವ್ರು ಇನ್ನು ಆ ಪೆಟ್ಗೆ ಮುಟ್ಟೂದಿಲ್ಲ ಅಂದ್ರು, ಗೊತ್ತಾ? ನಾ ಹೇಳೂದಿಲ್ಲ ಅವ್ರಿಗೆ. ಶಾಲೆಲಿ ಮಕ್ಕಳು ತಪ್ಪು ಮಾಡ್ರೆ ಅವ್ರ ಬಾಯಿಂದ್ಲೇ ಹೇಳ್ಸ್ತೆ ನಾನು." ಬಸ್ಸು ಬಂತು. ಹತ್ತಿದವರು ಕಿಟಕಿಯಿಂದ ನನ್ನನ್ನು ನೋಡಲೂ ಇಲ್ಲ.

ಆ ವಾರ ನಾನು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ತೆಂಗಿನಕಾಯಿ ತುರಿದು ಮುಗಿಸಿದಳು. ಆಮೇಲೆ, "ಕಣ್ಣು ಕಾಣ್ದವ್ರಿಗೆ ಸುಳ್ಳು ಹೇಳೂದು ಬಾಳ ಸಸಾರ ಅಲ್ದಾ?" ಎಂದಳು. ಮದುವೆಯಾದಂದಿನಿಂದ ಅವಳ ಬಾಯಿಂದ ಬೈಗುಳ ಬೇಕಾದಷ್ಟು ಕೇಳಿದ್ದೇನೆ. ಇದು ಬೈಗುಳವಾಗಿರಲಿಲ್ಲ.

ಆದಿತ್ಯವಾರ ಒಬ್ಬನೇ ಹೋದೆ. ಬಾಗಿಲಲ್ಲಿ ಮಾಸ್ತರರ ಸೊಸೆ, "ಮಾವ, ಬೆಳಕೆಯವ್ರು ಬಂದ್ರು," ಎಂದು ಒಳಗೆ ಕೂಗಿ, "ಕೂತ್ಕಳಿ, ಚಾ ಮಾಡ್ಕಂಡು ಬತ್ತೆ," ಎಂದು ಅಡುಗೆಮನೆಗೆ ಹೋದರು. ಜಗಲಿಯಲ್ಲಿ ಪಾಠಕ್ಕೆ ಕೂರುತ್ತಿದ್ದ ಜಾಗದಲ್ಲಿ ಕಾಲ್ಪೆಟ್ಟಿಗೆ ಇರಲಿಲ್ಲ. ಮೂಲೆಗೆ ಸರಿಸಿ, ಹಳೆಯ ಬೆಡ್‌ಶೀಟು ಹೊದಿಸಿ, ಅದರ ಮೇಲೆ ಹಾಸಿಗೆ ಸುತ್ತಿ ಇಟ್ಟಿದ್ದರು.

"ಹಳೇ ಸಾಮಾನು ತಕಂಬವ ಒಬ್ಬ ಬಪ್ಪುದಿದೆ," ಎಂದರು ಮಾಸ್ತರರು. "ಕೊಟ್ಬಿಡುದು ಅಂತ ಮಾಡ್ದೆ. ಒಂದೊಂದೇ ಸ್ವರ ಬಿಡ್ತಾ ಬಂತು ಅದು. ಕೇಳೂಕೆ ಆಗೂದಿಲ್ಲ ನಂಗೆ."

ನಾನು ಎದ್ದೆ. ಹಾಸಿಗೆ ಇಳಿಸಿದೆ. ಬೆಡ್‌ಶೀಟು ತೆಗೆದೆ. ಸದ್ದು ಕೇಳಿ ಅವರು, "ಎಂತ ಮಾಡ್ತೆ?" ಎಂದರು. ಸ್ಟೂಲು ಎಳೆದು ಕೂತು ತಿದಿ ಒತ್ತಿದೆ. ಮೇಲಿನ ಗಾಂಧಾರಕ್ಕೆ ಬೆರಳಿಟ್ಟೆ.

ಕೂಗಿತು. ತುಂಬಿದ ದನಿಯಲ್ಲಿ, ಎಲ್ಲೂ ಒಡಕಿಲ್ಲದೆ ಕೂಗಿತು. ನಾನು ಬೆರಳು ತೆಗೆಯಲಿಲ್ಲ. ಮಾಸ್ತರರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ತಡವರಿಸಿಕೊಂಡು ಬಂದು ಪೆಟ್ಟಿಗೆಯ ಮೈಮೇಲೆ ಅಂಗೈ ಇಟ್ಟರು.

"ಕೂಗ್ತದಲ!"

"ಆವತ್ತೂ ಕೂಗ್ತಿತ್ತು ಮಾಸ್ತರ್ರೇ. ನಾನು ಬೆರಳೇ ಇಡ್ಲಿಲ್ಲ. ಮರ್ತೋಯ್ತು. ಪೆಟ್ಗೆ ಮೇಲೆ ಹಾಕ್ದೆ."

ಅವರು ಅಂಗೈ ತೆಗೆಯಲಿಲ್ಲ. "ಮೂರು ಶ್ರುತಿಯಲ್ಲಿ ಬಂದದ್ದು ಹೇಗೆ ಮರೀತದೆ?" ಎಂದರು.

ಅದನ್ನೂ ಹೇಳಿದೆ. ಹಿಡಿ ಎಳೆದದ್ದು, ಬೆರಳು ಬದಲಿಸದೆ ನುಡಿಸಿದ್ದು. ಹೇಳುವಾಗ ಕಾಲು ತಾನಾಗಿ ತಿದಿ ಒತ್ತುವುದನ್ನು ನಿಲ್ಲಿಸಿತ್ತು. ಗಾಂಧಾರ ಸಣ್ಣಗಾಗುತ್ತ ನಿಂತುಹೋಯಿತು.

"ಹಾಗಾರೆ ಆ ಕೆಮ್ಮು?"

"ಟಕ್ ಅಂತದೆ ಅಂತ ಕೆಮ್ಮಿದ್ದು."

"ಪುಡಿ ಎಂತ ಮಾಡ್ದೆ?"

"ಕುಡ್ದೆ ಮಾಸ್ತರ್ರೇ. ದಿನಾ ಎರಡ್ಸಲ. ಖಾಲಿಯಾಗೋವರೆಗೂ."

ಅವರ ಮುಖದಲ್ಲಿ ಏನೋ ಬಂದು ಹೋಯಿತು. ನಗುವೋ ಏನೋ, ನನಗೆ ತಿಳಿಯಲಿಲ್ಲ. ಆಮೇಲೆ ಕುರ್ಚಿಗೆ ಮರಳಿ ಕೂತರು. ಸೊಸೆ ಚಹಾ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದರು. ಚಹಾ ಆರಿತು.

"ಆವತ್ತು ಫೋನಲ್ಲಿ ಕೇಳಿ ನಾನು ಅತ್ತಿದ್ದೆ," ಎಂದರು ಕೊನೆಗೆ. "ಗತ್ತು ಒಬ್ಬನ ತಲೆಗೆ ಹೋತು, ಇನ್ನು ನಾನು ಹೋದ್ರೂ ಅಡ್ಡಿಲ್ಲ ಅಂತ. ಅದೂ ಸುಳ್ಳೇ ಆತು."

ಎದ್ದು ಹೋಗಬೇಕೇ ಎಂದು ಕೇಳಿದೆ.

"ಹೋಪುದೆಂತಕ್ಕೆ? ಬೈಯೂಕೆ ನಂಗೆ ಉಸ್ರಿಲ್ಲ. ಪೆಟ್ಗೆಯಿಂದ ಕೈ ತೆಗಿ. ಬಾಯಲ್ಲಿ ಹೇಳು. ಆ ಸಾಲಿಂದ ಶುರುಮಾಡು, ಮೊದ್ಲಿಂದ ಬೇಡ."

ಬಾಯಲ್ಲಿ ಹೇಳಿದೆ. ಮಧ್ಯದಿಂದ ಶುರುಮಾಡಲು ಬರಲಿಲ್ಲ. ಮೊದಲಿನಿಂದ ಬಂದರೆ ಮಾತ್ರ ಅಲ್ಲಿಗೆ ತಲುಪುತ್ತಿದ್ದೆ. ಅವರು ಕುರ್ಚಿಯ ಕೈ ಮೇಲೆ ತಟ್ಟಿ ತಡೆದರು. ಮತ್ತೆ ಹೇಳಿದೆ. ಮತ್ತೆ ತಟ್ಟಿದರು. ಮಧ್ಯಾಹ್ನವಾಗುವಷ್ಟರಲ್ಲಿ ಆ ಒಂದು ಸಾಲು, ಅದೊಂದೇ, ಹಿಂದಿನದರ ಆಸರೆ ಇಲ್ಲದೆ ಬಂತು. ಹೊರಡುವಾಗ, "ಅಕ್ಕೋರಿಗೆ ಫೋನ್ ಮಾಡು. ಮುಂದಿನ ವಾರ ಬಪ್ಪೂಕೆ ಹೇಳು. ಇಬ್ರೂ ಬಿಳಿ ಮೂರು ಕಲೀರಿ. ಯಾರಿಗೆ ಮೊದ್ಲು ಬತ್ತದೋ ನೋಡ್ವ," ಎಂದರು. ಹಳೇ ಸಾಮಾನಿನವನಿಗೆ ಬರಬೇಡವೆಂದು ಸೊಸೆಯಿಂದ ಹೇಳಿಸಿದರು.

ಅಕ್ಕೋರಿಗೆ ಬಿಳಿ ಮೂರು ನನಗಿಂತ ಮೊದಲು ಬಂತು. ರಿಪೇರಿಯವನು ಬಂದು ಕಪ್ಪು ನಾಲ್ಕಕ್ಕೆ ಹೊಸ ರೀಡು ಹಾಕಿ ಹೋದ. ನನಗೆ ಈಗ ಎರಡು ಶ್ರುತಿಯಲ್ಲಿ ಬರುತ್ತದೆ, ನಿಜವಾಗಿ ಬರುತ್ತದೆ. ಮೂರನೆಯದು ಇನ್ನೂ ಕುಂಟುತ್ತಿದೆ. ನನ್ನ ಪೆಟ್ಟಿಗೆಯ ಹಿಡಿ ಸರಿಯದಂತೆ ಮರದ ಒಂದು ತುಂಡು ಬಡಿದು ಕೂರಿಸಿದ್ದೇನೆ. ಮೂರನೆಯದನ್ನು ಫೋನಿನಲ್ಲಿ ಒಪ್ಪಿಸಬಾರದು, ಎದುರಿಗೆ ಕೂತು, ಅದೇ ಕಾಲ್ಪೆಟ್ಟಿಗೆಯಲ್ಲಿ ಎಂದು ಮಾಸ್ತರರ ಮಾತು.

ಈಚೆಗೆ ಅವರಿಗೆ ಎಡಗಿವಿ ಮಂದವಾಗಿದೆ. ಬಲಗಿವಿಯನ್ನು ಪೆಟ್ಟಿಗೆಯ ಕಡೆ ತಿರುಗಿಸಿ ಕೂರುತ್ತಾರೆ. ಅವರಿಗೆ ಕೇಳಿಸುತ್ತಿರುವಾಗಲೇ ಗತ್ತು ನನ್ನ ತಲೆಗೆ ಬರಬೇಕು, ಅದಕ್ಕೇ ಈಗ ಆದಿತ್ಯವಾರದ ಬಸ್ಸಿನಲ್ಲಿ ನನ್ನ ಕೈ ಚೀಲದ ಮೇಲೆ ಸುಮ್ಮನಿರುತ್ತದೆ, ತುಟಿ ಮಾತ್ರ ಆಡುತ್ತಿರುತ್ತದೆ. ಶರಾವತಿ ಸೇತುವೆ ಬಂದಾಗ ಗತ್ತಿನ ನಡುವಿನಿಂದ ಯಾವುದಾದರೂ ಒಂದು ಸಾಲು ಎತ್ತಿಕೊಂಡು, ಆಚೆ ದಡ ಸೇರುವುದರೊಳಗೆ ಕೊನೆ ಮುಟ್ಟಿಸಲು ನೋಡುತ್ತೇನೆ.